ಎರಡನೆಯ ‘ಬರಬೇಡ’

ಲಕೋಟೆಯ ಮೇಲೆ ‘ಆಸ್ಪತ್ರೆ’ಗೆ ರಕಾರದ ಒತ್ತು ಇರಲಿಲ್ಲ. ಎರಡನೆಯ ಮಹಡಿಗೂ ಮೂರನೆಯದಕ್ಕೂ ನಡುವೆ ಮೆಟ್ಟಿಲು ತಿರುಗುವ ಕಡೆ ನಿಂತು ಅವನು ಮೊದಲು ನೋಡಿದ್ದು ಅದನ್ನೇ, ಕಾಗದ ಯಾರದೆನ್ನುವುದನ್ನಲ್ಲ. ಇಪ್ಪತ್ತೇಳು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕಣ್ಣು. ಉಣ್ಣಲು ಕೂತು ತಟ್ಟೆಯಲ್ಲಿ ಕೂದಲು ಹುಡುಕುವವರ ಹಾಗೆ ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಮದುವೆಯ ಕರೆಯೋಲೆ, ಔಷಧಿಯ ಚೀಟಿ, ಸಮಾಧಿಯ ಕಲ್ಲು, ಯಾವುದನ್ನೂ ಅದು ಬಿಟ್ಟದ್ದಿಲ್ಲ. ಸ್ವಂತ ತಂದೆಯ ಸಮಾಧಿಯ ಮೇಲೆ ಕಲ್ಲುಕುಟಿಗ ‘ವಿಶ್ರಾಂತಿ’ಯ ಸೊನ್ನೆ ನುಂಗಿಬಿಟ್ಟಿದ್ದಾನೆಂದು ಹೂವಿಡಲು ಬಂದವರ ಎದುರಿಗೇ ಕೂಗಾಡಿದ್ದ. ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡಿದ್ದ ಆಗ. ಮೇಲಿನ ವಾರ್ಡಿನಿಂದ ಗಿಟಾರಿನ ಸದ್ದು ಇಳಿದು ಬರುತ್ತಿತ್ತು. ಚರ್ಚಿನ ಹಲ್ಲಿನ ಡಾಕ್ಟರು ಶುರುಹಚ್ಚಿಕೊಂಡಿದ್ದಾನೆ. ಬೆರಳಿಗೆ ಬರುವುದು ಮೂರೇ ಮೂರು ಸ್ವರದ ಪಟ್ಟು, ಅದರಲ್ಲೇ ಕರ್ತನ ಹಾಡುಗಳನ್ನೆಲ್ಲ ಹಾಕಿ ಅರೆದುಬಿಡುತ್ತಾನೆ. ಹಾಸಿಗೆ ಬಿಟ್ಟು ಏಳಲಾರದವರೇ ಬೇಕು ಅವನಿಗೆ. ಎದ್ದು ಹೋಗಬಲ್ಲವರು ಯಾರು ಕೂತಾರು?

ಎಲ್ಲ ಆ ಪಾಸ್ಟರಿನಿಂದ ಆದದ್ದು. ಏಳು ತಿಂಗಳ ಹಿಂದೆ ಒಂದು ಭಾನುವಾರ ಯಜಮಾನ ಆಳುಗಳಿಗೆ ಹಣ ಒಪ್ಪಿಸಿ ಹೋದ ಬೈಬಲಿನ ತಲಾಂತುಗಳ ಕಥೆ ಹಿಡಿದುಕೊಂಡು, ಬೆವರು ಒರೆಸಿಕೊಳ್ಳುತ್ತ, “ದೇವರು ನಿಮ್ಮೊಳಗೆ ಒಂದು ಹುಚ್ಚು ಇಟ್ಟಿದ್ದಾನೆ. ಹಾಡೋ ಹುಚ್ಚೋ, ಅಡುಗೆ ಹುಚ್ಚೋ, ಗಿಡ ನೆಡೋ ಹುಚ್ಚೋ. ಅದನ್ನೇ ನೆರೆಯವನಿಗೆ ಕೊಡಿ, ಅದೂ ಆರಾಧನೇನೇ” ಎಂದು ಗಂಟಲು ಹರಿದುಕೊಂಡಿದ್ದ. ಸಭೆಗೆ ಸಭೆಯೇ ಕಣ್ಣು ತೇವ ಮಾಡಿಕೊಂಡಿತು. ಜನಕ್ಕೆ ತಮಗೆ ಇಷ್ಟವಾದದ್ದನ್ನೇ ಮಾಡಿ ಸ್ವರ್ಗಕ್ಕೆ ಹೋಗಬಹುದೆಂದು ಯಾರಾದರೂ ಹೇಳಿದರೆ ಅಳದೆ ಇರುತ್ತಾರೆಯೇ! ಬಾಗಿಲಲ್ಲಿ ಒಂದೊಂದು ಹಾಳೆ ಹಂಚಿದರು: ‘ನಿಮ್ಮ ಅಬಿರುಚಿ ಯಾವುದು?’ ಅವನು ಮನೆಗೆ ಒಯ್ದು ಬಕಾರದ ಹೊಟ್ಟೆ ಸೀಳಿ ಭಕಾರ ಮಾಡಿ, ಕೆಳಗಿನ ಒಂಬತ್ತು ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ಸುತ್ತಿ, ಉತ್ತರದ ಜಾಗ ಖಾಲಿ ಬಿಟ್ಟು ವಾಪಸು ಕೊಟ್ಟ. ಮುಂದಿನ ವಾರ ಪಾಸ್ಟರು ಎಲ್ಲರೆದುರು ಅದನ್ನು ಎತ್ತಿ ಹಿಡಿದು, “ಸಿಕ್ತಲ್ಲ ನಿಮ್ಮ ಹುಚ್ಚು!” ಎಂದು ನಕ್ಕ. “ಆಸ್ಪತ್ರೆಯ ಮೂರನೇ ಮಹಡೀಲಿ ಓದು ಬರಹ ಬರದೋರು ತುಂಬಾ ಇದ್ದಾರೆ. ಅವರ ಕಾಗದ ಬರೆದುಕೊಡಿ, ಬಂದದ್ದು ಓದಿ ಹೇಳಿ.” ಬೆಂಚುಗಳ ಮೇಲೆ ನಗು ಹರಡಿತು. ಮನೆಯಲ್ಲಿ ಹೆಂಡತಿ, “ನಿಮಗೆ ದೇವರ ಮೇಲೆ ಪ್ರೀತಿನೋ, ದೀರ್ಘದ ಮೇಲೋ? ಒಂದು ಮಹಾಪ್ರಾಣ ಹೋದ್ರೆ ಪ್ರಾಣಾನೇ ಹೋದೋರ ಥರ ಆಡ್ತೀರಲ್ಲ” ಎಂದಳು. ವಾಕ್ಯವೇ ದೇವರೆಂದು ನಂಬುವ ಧರ್ಮದಲ್ಲಿ ಹುಟ್ಟಿದವನು ವಾಕ್ಯ ಕೆಡಿಸುವವರನ್ನು ಹೇಗೆ ಕ್ಷಮಿಸಬೇಕೆಂದು ಅವಳನ್ನು ಕೇಳಬೇಕೆನ್ನಿಸಿತ್ತು. ಕೇಳಲಿಲ್ಲ, ಅವಳು ಒಗ್ಗರಣೆ ಹಾಕುತ್ತಿದ್ದಳು. ಆ ಶನಿವಾರದಿಂದ ಬರತೊಡಗಿದ. ಬಂದ ಮೇಲೆ ತನಗೆ ಇದು ಇಷ್ಟವಾಗುತ್ತಿದೆಯೆಂದು ಗೊತ್ತಾಗಿ, ಗಿಟಾರಿನವನಿಗೂ ತನಗೂ ಏನು ವ್ಯತ್ಯಾಸ ಎಂಬ ಯೋಚನೆ ಒಮ್ಮೆ ಬಂದದ್ದುಂಟು. ವ್ಯತ್ಯಾಸವಿದೆ, ನನಗೆ ನನ್ನ ಕೆಲಸ ಬರುತ್ತದೆ ಎಂದು ಅದನ್ನು ತಳ್ಳಿಹಾಕಿದ್ದ.

ಬರುತ್ತಿತ್ತು ಕೂಡ. ‘ನಂಗಿಲ್ಲಿ ಬೇಜಾರು’ ಎಂದು ರೋಗಿ ಹೇಳಿದರೆ ಅವನ ಪೆನ್ನು ‘ಇಲ್ಲಿ ನನ್ನನ್ನು ಏಕಾಂತವು ಬಾಧಿಸುತ್ತಿದೆ’ ಎಂದು ಬರೆಯುತ್ತಿತ್ತು. ಹೇಳಿದ್ದನ್ನೇ ಹೇಳುವವರ, ಮಾತಿನ ನಡುವೆ ಕೆಮ್ಮುವವರ, ‘ಅದೇ, ಅದೂ, ಏನಂತಾರೆ’ ಎನ್ನುವವರ ಕಸವನ್ನೆಲ್ಲ ಗುಡಿಸಿ ಒಂದು ಪುಟದ ಶುದ್ಧ ಬರಹ ಮಾಡಿ ಕೊಡುತ್ತಿದ್ದ. ಕಾಲು ಮುರಿದುಕೊಂಡ ಲಾರಿ ಡ್ರೈವರೊಬ್ಬ, “ಏನ್ ಮೇಷ್ಟ್ರೇ, ನನ್ನ ಹೆಂಡ್ತಿ ‘ಇದನ್ನ ಯಾರು ಬರೆದಿದ್ದು, ನೀವಂತೂ ಅಲ್ಲ’ ಅಂತ ಉತ್ತರ ಹಾಕಿದ್ದಾಳೆ” ಎಂದಾಗ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಮನೆಯಲ್ಲಿ ಹೆಂಡತಿಗೂ ಹೇಳಿದ. ಅವಳು, “ಪಾಪ ಅವಳು” ಎಂದಷ್ಟೇ ಹೇಳಿ ದೀಪ ಆರಿಸಿದ್ದಳು. ಈಗ ಇಲ್ಲಿ, ಔಷಧಿಯ ವಾಸನೆ ಹೊಡೆಯುವ ಮೆಟ್ಟಿಲ ತಿರುವಿನಲ್ಲಿ, ಕೆಳಗೆ ಸಿಸ್ಟರು ಕೊಟ್ಟ ಲಕೋಟೆಯನ್ನು ಒಡೆದ. ಹೇಗೂ ಓದಬೇಕಾದವನು ತಾನೇ. ಕಾಗದ ಇಸ್ತ್ರಿ ಅಜ್ಜಿಯದು, ಹನ್ನೆರಡನೆಯ ಹಾಸಿಗೆಯವಳದು. ಬರೆದವಳು ಅವಳ ಮಗಳು.

‘ಅವ್ವನಿಗೆ. ನಿನ್ನ ಕಾಗದ ಮುಟ್ಟಿತು. ಹನ್ನೊಂದು ವರ್ಷ ಆದಮೇಲೆ ನೀನಾಗೇ ಬರೆಸಿದ್ದೀಯ ಅಂತ ಕೈ ತೊಳಕೊಂಡು ಬಂದು ಒಡೆದೆ. ನಾನು ಹೇಳಿದ್ದೆನಲ್ಲ ನೀನು ಬರುವುದು ಬೇಡ ಅಂತ ಬರೆಸಿದ್ದೀಯ. ಒಂದು ಸಲ ನೀನು ಬಾಯಲ್ಲಿ ಅಂದಿದ್ದೆ ಈಗ ಕಾಗದದಲ್ಲೂ ಅಂದೆ. ಆಯ್ತು ಬರಲ್ಲ. ಆಪರೇಶನ್ನು ಚೆನ್ನಾಗಿ ಆಗಲಿ. ಬರೆದುಕೊಟ್ಟವರಿಗೆ ಒಂದು ಮಾತು ಏನಾದರೂ ಆಗಿಹೋದರೆ ಈ ನಂಬರಿಗೆ ಫೋನು ಮಾಡಿ.’

ಅಲ್ಪವಿರಾಮಗಳೇ ಇಲ್ಲ ಎಂದುಕೊಂಡ. ಆಮೇಲೆ ಎರಡನೆಯ ಸಲ ಓದಿದ. ಏನೋ ಒಂದು ತಪ್ಪಿತ್ತು, ಆದರೆ ಕಾಗದದಲ್ಲಲ್ಲ. ಮೂರು ವಾರದ ಹಿಂದಿನ ಶನಿವಾರ ಅಜ್ಜಿ ದಿಂಬಿಗೆ ಒರಗಿ, ನಲವತ್ತು ವರ್ಷ ಬೀದಿ ಮೂಲೆಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡಿ ಸುಟ್ಟು ಗಟ್ಟಿಯಾದ ಅಂಗೈಯನ್ನು ಹೊದಿಕೆಯ ಮೇಲೆ ಸವರುತ್ತ ಕೂತಿದ್ದಳು. ಕೈ ಸುಮ್ಮನಿರುತ್ತಿರಲಿಲ್ಲ, ಹೊದಿಕೆಯ ಸುಕ್ಕು ತೀಡುತ್ತಲೇ ಇತ್ತು. ಮಗಳು ತನ್ನ ಪಾಡಿಗೆ ಗಂಡು ನೋಡಿಕೊಂಡಳಂತೆ. ಈಕೆ ಬಾಗಿಲಲ್ಲಿ ನಿಂತು, ಇನ್ನು ನನ್ನ ಮನೆಗೆ ಬರಬೇಡ ಎಂದಳಂತೆ. ಹೋದವಳು ಬರಲಿಲ್ಲ, ಫೋನು ಮಾಡಿದರೆ ಎತ್ತಲಿಲ್ಲ. ಇದನ್ನೆಲ್ಲ ಅವನು ಅರ್ಧ ಕಿವಿಯಲ್ಲಿ ಕೇಳಿದ್ದ. ಎಲ್ಲರ ಕಥೆಯೂ ಅಷ್ಟೇ, ಮನೆಮನೆಯದು. “ಬರ್ಕೊಳಿ ಮೇಷ್ಟ್ರೇ,” ಎಂದು ಅಜ್ಜಿ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅವನು ಗಡಿಯಾರ ನೋಡಿದ. ಆಮೇಲೆ ಒಂದೇ ಉಸಿರಿಗೆ, “ನಾನು ಬರ್ಬೇಡ ಅಂದೆ ಅಂತ ನೀನು ಬರ್ಬೇಡ್ವಾ” ಎಂದಳು. ಒಂದೇ ಸಾಲಿನಲ್ಲಿ ಎರಡು ‘ಬರಬೇಡ’. ಪುನರುಕ್ತಿ, ಒಂದನ್ನು ಹೊಡೆದುಹಾಕಿದ. ಬಾಲದ ‘ವಾ’ ಏನು? ಹಳೆಯ ಹೆಂಗಸರು ಹೆಣ್ಣುಮಕ್ಕಳನ್ನೂ ಅವ್ವ ಎಂದೇ ಕರೆಯುತ್ತಾರೆ, ‘ಬರಬೇಡವ್ವಾ’ ಎಂದಿರುತ್ತಾಳೆ. ಗ್ರಾಮ್ಯ, ಅದನ್ನೂ ಹೊಡೆದ. ‘ನಾನು ಹೇಳಿದ್ದೆನಲ್ಲ, ನೀನು ಬರುವುದು ಬೇಡ.’ ಕೆಳಗೆ ಆಸ್ಪತ್ರೆಯ ವಿಳಾಸ, ಆಪರೇಶನ್ನಿನ ತಾರೀಖು. ನೋಡಲು ಎಷ್ಟು ಚೊಕ್ಕವಾಗಿತ್ತು! ಓದಿ ಹೇಳಲೇ ಎಂದು ಕೇಳಿದ್ದಕ್ಕೆ ಅಜ್ಜಿ, “ಬ್ಯಾಡ ಬಿಡಿ, ಇನ್ನೊಂದ್ಸಲ ಕೇಳೋಕೆ ಆಗಲ್ಲ ನಂಗೆ. ನೀವು ಬರೆದ್ರೆ ಸರೀನೇ ಇರುತ್ತೆ” ಎಂದಿದ್ದಳು.

“ಬರ್ಬೇಡ್ವಾ,” ಎಂದು ಮೆಟ್ಟಿಲ ಮೇಲೆ ಮೆಲ್ಲಗೆ ಅಂದುನೋಡಿದ. ಬರ್ಬೇಡ್ವಾ. ಬರಬೇಡವಾ. ಬರಬೇಡವೇ? ಅಯ್ಯೋ ದೇವರೇ. ನಾನು ಬರಬೇಡ ಅಂದೆ ಅಂತ ನೀನು ಬರಬೇಡವಾ? ಕೋಪದಲ್ಲಿ ಹೆತ್ತವಳು ಅಂದಳು, ನೀನು ಅಷ್ಟಕ್ಕೇ ಬರದೆ ಇದ್ದುಬಿಡುವುದಾ? ಹನ್ನೊಂದು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮಾತು, ಅದರ ಬಾಲ ಕತ್ತರಿಸಿ ಅವನು ಅಂಚೆಗೆ ಹಾಕಿದ್ದ. ರಾಗ ಏರಿದ್ದು ಕೇಳಿಸಿರಲಿಲ್ಲವೆಂದರೆ ಸುಳ್ಳು. ಕೇಳಿಸಿತ್ತು, ಚೆನ್ನಾಗಿ ಕೇಳಿಸಿತ್ತು, ಕೊನೆಯಲ್ಲಿ ಅವಳ ದನಿ ನಡುಗಿ ಮೇಲೆ ಹೋದದ್ದು. ಪ್ರಶ್ನೆಯಾ ಅಜ್ಜಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳುವುದೆಂದರೆ ತನಗೆ ತಿಳಿಯಲಿಲ್ಲವೆಂದು ಒಪ್ಪಿದ ಹಾಗೆ, ಅದೂ ಒಬ್ಬ ಹೆಬ್ಬೆಟ್ಟಿನ ಮುದುಕಿಯ ಎದುರಿಗೆ. ಸೋಮವಾರ ಆಪರೇಶನ್ನು. ವಯಸ್ಸು ಎಪ್ಪತ್ತಾರು, ಹೃದಯ ಸರಿಯಿಲ್ಲ, ಏಳುತ್ತಾಳೋ ಇಲ್ಲವೋ ಎಂದು ಸಿಸ್ಟರು ಅವನಿಗೇ ಹೇಳಿದ್ದಳು. ‘ಕರ್ತನೇ, ನಿನ್ನ ದಾಸನಾದ ನಾನು’ ಎಂದು ಪ್ರಾರ್ಥನೆ ಶುರು ಮಾಡಿ, ‘ದಾಸನಾದ ನಾನು’ ಎನ್ನುವುದು ಎಷ್ಟು ಸವೆದ ಪ್ರಯೋಗ ಎಂದು ಆ ಗಳಿಗೆಯಲ್ಲೂ ಅವನಿಗೆ ಹೊಳೆಯಿತು. ಥೂ, ಎಂದ ತನಗೇ. ಕಾಗದವನ್ನು ಹರಿದುಹಾಕಿ ಬಂದೇ ಇಲ್ಲ ಎನ್ನಬಹುದು. ಅಥವಾ ಬೇರೆ ಓದಬಹುದು. ಮುದುಕಿಗೆ ಅಕ್ಷರ ಗೊತ್ತಿಲ್ಲ, ಬರೆದದ್ದು ಯಾವುದಾದರೇನು?

ವಾರ್ಡಿನಲ್ಲಿ ಕೇಕಮ್ಮ ಎಂದು ಎಲ್ಲರೂ ಕರೆಯುವ ಹೆಂಗಸು ತಟ್ಟೆ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆಯವರಿಗೂ ಒಂದೊಂದು ಚೂರು. ಅದೂ ಆರಾಧನೆಯೇ ತಾನೆ. ಹಲ್ಲಿನ ಡಾಕ್ಟರು ಹನ್ನೊಂದನೆಯ ಹಾಸಿಗೆಯ ಪಕ್ಕದ ಸ್ಟೂಲಿನಿಂದ, “ಸ್ತೋತ್ರ ಸರ್, ಬನ್ನಿ ಬನ್ನಿ” ಎಂದು ಕುರ್ಚಿ ಎಳೆದುಕೊಟ್ಟ. ಅವನ ಈ ಒಳ್ಳೆಯತನವೇ ಸಹಿಸಲಾಗದ್ದು. ಯಾರು ಎಷ್ಟು ಮುಖ ಸಿಂಡರಿಸಿದರೂ ಅದಕ್ಕೆ ತಾಗುವುದಿಲ್ಲ. ಅಜ್ಜಿ ಆಗಲೇ ಎದ್ದು ಕೂತಿದ್ದಳು. ತಲೆ ಬಾಚಿಸಿಕೊಂಡಿದ್ದಳು.

“ಬಂತಂತಲ್ಲ ಮೇಷ್ಟ್ರೇ, ಸಿಸ್ಟರ್ ಹೇಳಿದ್ರು. ಓದಿ.”

ಅವನು ಕಾಗದ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಓದಿದ: “ಪ್ರೀತಿಯ ತಾಯಿಯವರಿಗೆ. ತಮ್ಮ ಪತ್ರ ತಲುಪಿ ಅಪಾರ ಸಂತೋಷವಾಯಿತು. ಕಾರ್ಖಾನೆಯಲ್ಲಿ ಕೆಲಸದ ಒತ್ತಡವಿರುವುದರಿಂದ ಸದ್ಯಕ್ಕೆ ಬರಲು ಸಾಧ್ಯವಾಗುತ್ತಿಲ್ಲ. ಆದರೂ ನನ್ನ ಹೃದಯವು ಸದಾ...”

“ತಡೀರಿ,” ಎಂದಳು ಅಜ್ಜಿ. “ಇದು ಯಾರ ಕಾಗದ?”

“ನಿಮ್ಮ ಮಗಳದು ಅಜ್ಜಿ.”

“ನನ್ನ ಮಗಳಿಗೆ ಇಷ್ಟು ಒಳ್ಳೆ ಮಾತು ಎಲ್ಲಿಂದ ಬರ್ಬೇಕು? ಹುಟ್ಟಿದಾಗಿಂದ ಒಂದ್ಸಲಾನೂ ತಾವು ಅಂದಿಲ್ಲ ನನ್ನ.” ಕೈ ಚಾಚಿ ಕಾಗದ ಕಿತ್ತುಕೊಂಡಳು, ತಿರುಗಿಸಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು. “ಡಾಕ್ಟ್ರಪ್ಪಾ, ಆ ತಂಬೂರಿ ಕೆಳಗಿಟ್ಟು ಇದನ್ನ ಒಂದು ಸ್ವಲ್ಪ ಓದಪ್ಪ.”

ಡಾಕ್ಟರು ಇವನ ಮುಖ ನೋಡಿದ. ಇವನು ಗೋಡೆ ನೋಡಿದ. ಡಾಕ್ಟರಿನ ಓದೋ ದೇವರಿಗೇ ಪ್ರೀತಿ. ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ತಡವರಿಸುತ್ತ, ‘ಕೈ ತೊಳಕೊಂಡು ಬಂದು ಒಡೆದೆ’ ಎನ್ನುವುದನ್ನು ಎರಡು ಸಲ ಓದಿದ. ಎರಡನೆಯ ಸಲ ಅಜ್ಜಿಯ ಕೈ ಹೊದಿಕೆಯ ಮೇಲೆ ನಿಂತುಹೋಯಿತು. ‘ಆಯ್ತು ಬರಲ್ಲ’ ಬಂದಾಗ ಕೇಕಮ್ಮ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಲಾರಿ ಡ್ರೈವರು ತಲೆ ಎತ್ತಿದ. ಬೆತ್ತಲೆ ನಿಂತ ಹಾಗಾಯಿತು ಇವನಿಗೆ, ಆದರೂ ತಲೆಯ ಒಂದು ಮೂಲೆ, ‘ಆಪರೇಶನ್ನು’ ಎನ್ನುವಾಗ ಈ ಪ್ರಾಣಿ ಶಕಾರಕ್ಕೆ ಸಕಾರ ನುಡಿಯುತ್ತಿದೆಯಲ್ಲ ಎಂದು ಲೆಕ್ಕ ಹಿಡಿದಿತ್ತು. ಈ ತಲೆಯನ್ನು ಎಲ್ಲಿ ಒಯ್ದು ಚಚ್ಚಲಿ?

“ನಾನು ಯಾವಾಗ ಬರೋದು ಬೇಡ ಅಂದೆ?” ಅಜ್ಜಿ ಕೇಳಿದ್ದು ಡಾಕ್ಟರನ್ನು. ಆಮೇಲೆ ಇವನ ಕಡೆ ತಿರುಗಿದಳು. “ಏನು ಬರೆದ್ರಿ ನೀವು?”

ಸುಳ್ಳು ಸಿದ್ಧವಿತ್ತು: ನೀವು ಹೇಳಿದ್ದನ್ನೇ ಬರೆದೆ, ಅವಳು ತಪ್ಪು ತಿಳಿದಳು. ಯಾರೂ ಸಾಕ್ಷಿಯಿಲ್ಲ. ಆದರೆ ತಾನು ಬರೆದ ಸಾಲು ಅವನಿಗೆ ಬಾಯಿಪಾಠ, ತನ್ನ ಎಲ್ಲ ಸಾಲುಗಳೂ ಅಷ್ಟೇ. “ನಾನು ಹೇಳಿದ್ದೆನಲ್ಲ, ನೀನು ಬರುವುದು ಬೇಡ,” ಎಂದು ಒಪ್ಪಿಸಿದ. “ನೀವು ಎರಡು ಸಲ ಬರಬೇಡ ಅಂದ್ರಿ. ಒಂದು ಹೆಚ್ಚಾಯ್ತು ಅಂತ ತೆಗೆದೆ. ಕೊನೆಯದು... ಅವ್ವಾ ಅಂತ ಕರೆದಿರಿ ಅಂದ್ಕೊಂಡೆ. ಕೇಳಬೇಕಿತ್ತು. ಕೇಳಲಿಲ್ಲ. ನನ್ನದೇ ತಪ್ಪು.”

‘ತಪ್ಪು’ ಎನ್ನುವ ಶಬ್ದವನ್ನು ದಿನಕ್ಕೆ ನೂರು ಸಲ ಬಳಸಿದವನಿಗೆ ಅದರ ಹಿಂದೆ ‘ನನ್ನ’ ಸೇರಿಸಿದ ನೆನಪಿರಲಿಲ್ಲ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ಇಸ್ತ್ರಿ ಮಾಡಿಕೊಡಿ ಅಂತ ಕೊಟ್ರೆ ಸುಟ್ಟು ಕೊಟ್ರಲ್ಲ ಮೇಷ್ಟ್ರೇ,” ಎಂದಳು. “ನಲವತ್ತು ವರ್ಷ ಊರೋರ ಬಟ್ಟೆ ಮುಟ್ಟಿದೀನಿ. ಯಾರ ಅಂಗೀಗೂ ಗುಂಡಿ ಜಾಸ್ತಿ ಆಯ್ತು ಅಂತ ಒಂದು ಕಿತ್ತು ಬಿಸಾಕಿಲ್ಲ ನಾನು. ಅಲ್ಲಾ, ನೀವು ಇಲ್ಲಿಗೆ ಯಾರ ಸಲುವಾಗಿ ಬರ್ತೀರಿ?”

ಕ್ರಿಸ್ತನ ಸಲುವಾಗಿ ಎಂದು ಏಳು ತಿಂಗಳು ಅಂದುಕೊಂಡಿದ್ದವನು ಈಗ ಆ ಹೆಸರನ್ನು ಬಾಯಿಗೆ ತಂದಿದ್ದರೆ ಲಾರಿ ಡ್ರೈವರು ನಕ್ಕುಬಿಡುತ್ತಿದ್ದ. “ಪರವಾಗಿಲ್ಲ ಸರ್,” ಎಂದು ಡಾಕ್ಟರು ಭುಜ ಮುಟ್ಟಿದ, “ನಿಮ್ಮ ಮನಸ್ಸು ಒಳ್ಳೇದೇ. ನಾನೂ ಎಷ್ಟು ಅಪಸ್ವರ ಬಾರಿಸ್ತೀನಿ ನಂಗೇ ಗೊತ್ತು. ಇವರಿಗೆ ಅದರಲ್ಲೇ ನಗು ಬರುತ್ತೆ ಅಂತ ಬಾರಿಸ್ತೀನಿ.” ಗೊತ್ತಂತೆ! ಏಳು ತಿಂಗಳು ಅವನು ಹಲ್ಲು ಕಚ್ಚಿ ಸಹಿಸಿದ್ದೆಲ್ಲ ಈ ಮನುಷ್ಯನಿಗೆ ಗೊತ್ತಿದ್ದೇ ನಡೆದದ್ದಂತೆ. ಭುಜದ ಮೇಲಿನ ಕೈಯನ್ನು ಕೊಡವಿಹಾಕಬೇಕೆನ್ನಿಸಿತು. ಕಾಗದದ ಕೊನೆಯ ಸಾಲಿನ ನಂಬರು ನೋಡಿ ಫೋನು ಒತ್ತಿದ. “ನೀವೇ ಮಾತಾಡಿ ಅಜ್ಜಿ,” ಎಂದು ಚಾಚಿದ.

ಅವಳು ಎರಡೂ ಕೈ ಹಿಂದಕ್ಕೆಳೆದುಕೊಂಡಳು. “ನಂಗಾಗಲ್ಲ. ಒಂದ್ಸಲ ಹೇಳೋಕೆ ಹನ್ನೊಂದು ವರ್ಷ ಆಯ್ತು. ಇನ್ನೊಂದ್ಸಲ ಹೇಳೋಷ್ಟು ಎಲ್ಲಿದೆ ಆಯಸ್ಸು? ಕೆಡಿಸಿದೋರು ನೀವು, ನೀವೇ ಹೇಳಿ.”

ಅಷ್ಟರಲ್ಲಿ ಆ ಕಡೆ ಎತ್ತಿಯಾಗಿತ್ತು. ಹೊಲಿಗೆ ಯಂತ್ರಗಳ ಗದ್ದಲ. “ಹಲೋ, ನಾನು ಆಸ್ಪತ್ರೆಯಿಂದ, ನಿಮ್ಮ ತಾಯಿಯವರ...” ಎಂದ. ಗದ್ದಲದ ನಡುವಿನಿಂದ ಹೆಂಗಸಿನ ದನಿ ಒಂದೇ ಶಬ್ದ ಕೇಳಿತು: “ಯಾವಾಗ?”

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕಾಗದದ ಕೊನೆಯ ಸಾಲು ನೆನಪಾಯಿತು, ‘ಏನಾದರೂ ಆಗಿಹೋದರೆ’. “ಇಲ್ಲಮ್ಮ, ಇಲ್ಲ ಇಲ್ಲ, ಇದ್ದಾರೆ, ಚೆನ್ನಾಗಿದ್ದಾರೆ, ಎದುರಿಗೇ ಕೂತಿದ್ದಾರೆ. ಕಾಗದ ಬರೆದವನು ನಾನು. ತಪ್ಪು ಬರೆದೆ. ಅವರು ಹೇಳಿದ್ದು ಅದಲ್ಲ.”

“ಮತ್ತೇನು ಹೇಳಿದ್ದು?”

“ನಾನು ಬರಬೇಡ ಎಂದೆನೆಂದು ನೀನು ಬರಬೇಡವೇ?”

“ಏನು? ಏನ್ರೀ ಅದು?”

“ಹಾಗಲ್ಲ!” ಎಂದು ಅಜ್ಜಿ ಹಾಸಿಗೆಯಿಂದ ಗದರಿದಳು. “ಪಾದ್ರಿ ಥರ ಯಾಕೆ ಹೇಳ್ತೀರಿ? ನಾನು ಅಂದ ಹಾಗೆ ಅನ್ನಿ.”

ವಾರ್ಡಿಗೆ ವಾರ್ಡೇ ಅವನ ಬಾಯಿ ನೋಡುತ್ತಿತ್ತು. ಮತ್ತೆ ಹೇಳಿದ, ನಾಲಿಗೆ ಒಪ್ಪದೆ ‘ಬರಬೇಡವಾ’ ಎಂದು ಮುರಿದು ಬಂತು. “ಊಹೂಂ,” ಎಂದಳು ಅಜ್ಜಿ, ಕೈಯಲ್ಲೇ ಗಾಳಿಯನ್ನು ತೀಡಿ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಆಡುತ್ತಿದ್ದಾಗ ಇಂಥದೇ ಆಡುಮಾತು ಆಡುತ್ತಿದ್ದನಲ್ಲ, ತಾಯಿ ಅದರಲ್ಲೇ ಒಳಗಿನಿಂದ ಕರೆಯುತ್ತಿದ್ದಳಲ್ಲ, ಅದನ್ನು ಯಾವ ವರ್ಷ ಯಾವ ಪುಟದಲ್ಲಿ ಹೊಡೆದುಹಾಕಿದೆನೋ ಎನ್ನಿಸಿತು. ಕಣ್ಣು ಮುಚ್ಚಿದ. “ನಾನು ಬರ್ಬೇಡ ಅಂದೆ ಅಂತ,” ಎಂದ, “ನೀನು ಬರ್ಬೇಡ್ವಾ?” ದನಿ ಅವನದೇ ಆಗಿರಲಿಲ್ಲ, ಕೊನೆಗೆ ತಾನಾಗಿ ಮೇಲೆ ಹೋಗಿ ಒಡೆಯಿತು.

ಯಂತ್ರಗಳ ಗದ್ದಲ ದೂರ ಸರಿಯಿತು, ಎದ್ದು ಹೊರಗೆ ಬಂದಳೇನೋ. “ಅವ್ವ ಅಳ್ತಿದ್ದಾಳಾ?” ಎಂದು ಮಗಳು ಕೇಳಿದಳು.

ಅವನು ನೋಡಿದ. ಅಜ್ಜಿಯ ಕಣ್ಣು ಒಣಗಿತ್ತು, ಇವನನ್ನು ಇನ್ನೂ ಸುಡುವ ಹಾಗೆ ದಿಟ್ಟಿಸುತ್ತಿತ್ತು. “ಇಲ್ಲ,” ಎಂದ. ಅದು ನಿಜವಾಗಿತ್ತು.

“ಸದ್ಯ. ಅತ್ತಿದ್ರೆ ಯಾರೋ ಹೇಳ್ಕೊಟ್ಟಿದ್ದಾರೆ ಅಂದ್ಕೊಳ್ತಿದ್ದೆ. ನಮ್ಮವ್ವ ಅಳೋಳಲ್ಲ. ನಾಳೆ ಬೆಳಗ್ಗೆ ಬರ್ತೀನಿ ಅಂತ ಹೇಳಿ. ಬಾಗಿಲು ತೆಗೀಲಿಲ್ಲ ಅಂದ್ರೂ ಬಿಡಲ್ಲ ಅಂತ ಹೇಳಿ.”

ಆಸ್ಪತ್ರೆಯ ವಾರ್ಡಿಗೆ ಎಲ್ಲಿಯ ಬಾಗಿಲು ಎಂದು ಅವನೊಳಗಿನ ಕೆಂಪು ಪೆನ್ನು ಎದ್ದಿತು. ಅದನ್ನು ಒತ್ತಿ ಹಿಡಿದು, ಫೋನು ಕಿವಿಯಲ್ಲಿಟ್ಟುಕೊಂಡೇ, ಒಂದಕ್ಷರ ಕಳೆಯದೆ ಒಂದಕ್ಷರ ಸೇರಿಸದೆ ಅಜ್ಜಿಗೆ ಹೇಳಿದ: “ನಾಳೆ ಬೆಳಗ್ಗೆ ಬರ್ತೀನಿ ಅಂತ ಹೇಳಿ. ಬಾಗಿಲು ತೆಗೀಲಿಲ್ಲ ಅಂದ್ರೂ ಬಿಡಲ್ಲ ಅಂತ ಹೇಳಿ.”

ಅಜ್ಜಿ ಕೇಳಿಸಿಕೊಂಡಳು. ಬಾಯಿ ಏನೋ ಅನ್ನಲು ತೆರೆದು, ಹಾಗೇ ಸೊಟ್ಟಗಾಯಿತು. ಹೊದಿಕೆಯನ್ನು ಮುಖದ ತನಕ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಬೆನ್ನು ಅದುರತೊಡಗಿತು, ಆಮೇಲೆ ದನಿ ಕೂಡ ಹೊರಗೆ ಬಂತು, ಮಗುವಿನ ಹಾಗೆ, ತಡೆಯೇ ಇಲ್ಲದೆ. ಡಾಕ್ಟರು ಎದ್ದು ನಿಂತ.

“ಏನ್ರೀ ಅದು ಸದ್ದು?” ಎಂದಳು ಮಗಳು ಆ ಕಡೆಯಿಂದ. “ಏನು ಮಾಡ್ತಿದ್ದಾಳೆ ಅವ್ವ?”

“ಏನಿಲ್ಲಮ್ಮ,” ಎಂದ ಕರಡು ತಿದ್ದುವವನು, “ಬೈತಾ ಇದ್ದಾರೆ.”